ಸಿಮ್ ಒಳಗಿನ ಎರಡು ಗುಟ್ಟು: ಕ್ವಾಂಟಮ್ ಭಯ ಮತ್ತು ಎಸ್‌ಕೆ ಟೆಲಿಕಾಂ ಪ್ರಕರಣ

2023ರಲ್ಲಿ ದಕ್ಷಿಣ ಕೊರಿಯಾದ ಮೊಬೈಲ್ ಆಪರೇಟರ್ ಎಸ್‌ಕೆ ಟೆಲಿಕಾಂ, ಫ್ರಾನ್ಸಿನ ಥೇಲ್ಸ್ ಕಂಪನಿ ಜೊತೆ ಸೇರಿ ಮಾಡಿದ ಒಂದು ಪರೀಕ್ಷೆಯ ಸುದ್ದಿ ಹೊರಬಂತು. ಮುಂದೊಂದು ದಿನ ದೊಡ್ಡ ಕ್ವಾಂಟಮ್ ಕಂಪ್ಯೂಟರ್ (ಅಣುಲೋಕದ ನಿಯಮ ಬಳಸಿ ಕೆಲವು ಲೆಕ್ಕಗಳನ್ನು ಬಹಳ ಬೇಗ ಮಾಡುವ ಯಂತ್ರ) ಬಂದರೂ ತಡೆದುಕೊಳ್ಳಲಿ ಎಂದು ಹೊಸ ಬೀಗ ಹಾಕಿದ ಸಿಮ್ ಕಾರ್ಡ್ ಅದು. ಅದನ್ನು 5ಜಿ ನೆಟ್‌ವರ್ಕ್‌ನಲ್ಲಿ ಓಡಿಸಿ ನೋಡಿದರು, ಕೆಲಸ ಮಾಡಿತು. ಎರಡು ವರ್ಷ ಕಳೆಯಿತು. 2025ರ ಏಪ್ರಿಲ್‌ನಲ್ಲಿ ಅದೇ ಕಂಪನಿಯ ಸರ್ವರ್‌ಗಳಿಂದ 2 ಕೋಟಿಗೂ ಜಾಸ್ತಿ ಗ್ರಾಹಕರ ಸಿಮ್ ಗುಟ್ಟುಗಳು ಕಳುವಾದವು. ಅದಕ್ಕೆ ಕ್ವಾಂಟಮ್ ಕಂಪ್ಯೂಟರ್ ಬೇಕಾಗಲಿಲ್ಲ, ಮಾಮೂಲಿ ಮಾಲ್‌ವೇರ್, ಅಂದರೆ ಕಳ್ಳ ಸಾಫ್ಟ್‌ವೇರ್, ಸಾಕಾಯಿತು.

ನಾನು ಬೆಂಗಳೂರಿನಲ್ಲಿ ಮೊಬೈಲ್ ನೆಟ್‌ವರ್ಕ್ ಟೆಸ್ಟಿಂಗ್ ಕೆಲಸದಲ್ಲಿ ಇರುವವನು. ದಿನವಿಡೀ ಸಿಮ್, ಟವರ್, ಲಾಗ್ ಫೈಲ್ ಇವುಗಳದ್ದೇ ಸಹವಾಸ. "ಕ್ವಾಂಟಮ್ ಬಂದರೆ ನಮ್ಮ ಫೋನ್ ಕತೆ ಏನು?" ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಆಗೆಲ್ಲ ನನಗೆ ಮೊದಲು ನೆನಪಾಗುವುದು ಈ ಕಂಪನಿಯ ಈ ಎರಡು ಘಟನೆಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕ್ವಾಂಟಮ್ ಕಂಪ್ಯೂಟರ್ ವೈರ್‌ಲೆಸ್ ನೆಟ್‌ವರ್ಕ್‌ನ ಯಾವ ಜಾಗಕ್ಕೆ ಹೊಡೆಯುತ್ತದೆ, ಯಾವ ಜಾಗಕ್ಕೆ ಹೊಡೆಯುವುದಿಲ್ಲ ಅನ್ನುವುದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇದನ್ನು ಪೂರ್ತಿ ಬರೆಯೋಣ ಅನ್ನಿಸಿತು.

ಸಿಮ್‌ನಲ್ಲಿ ಏನಿರುತ್ತದೆ

ಸಿಮ್ ಅಂದರೆ ಬರೀ ಪ್ಲಾಸ್ಟಿಕ್ ಚೂರಲ್ಲ, ಒಂದು ಪುಟ್ಟ ಕಂಪ್ಯೂಟರ್. ಅದರಲ್ಲಿ ಬೇಕಾದಷ್ಟು ಫೈಲ್‌ಗಳಿವೆ, ಆದರೆ ನಮ್ಮ ಕತೆಗೆ ಬೇಕಾದ್ದು ಎರಡೇ.

ಮೊದಲನೆಯದು ಐಎಂಎಸ್‌ಐ. ಇದು ನಿಮ್ಮ ಫೋನ್ ನಂಬರ್ ಅಲ್ಲ, ನೆಟ್‌ವರ್ಕ್ ನಿಮ್ಮನ್ನು ಗುರುತಿಸುವ ಹೆಸರು. ಸಾಮಾನ್ಯವಾಗಿ 15 ಅಂಕೆ. ಮೊದಲ ಮೂರು ಅಂಕೆ ದೇಶದ್ದು: ಕೊರಿಯಾ ಆದರೆ 450, ಭಾರತ ಆದರೆ 404 ಅಥವಾ 405. ಆಮೇಲಿನವು ಆಪರೇಟರ್‌ದು. ಎಸ್‌ಕೆ ಟೆಲಿಕಾಂ ಸಿಮ್ 450 05 ಅಂತ ಶುರುವಾಗುತ್ತದೆ. ಉಳಿದ 10 ಅಂಕೆ ನಿಮ್ಮದು, ಜಗತ್ತಿನಲ್ಲಿ ಇನ್ನೊಬ್ಬರಿಗೆ ಇಲ್ಲದ್ದು.

ಎರಡನೆಯದು ಕೆ ಅನ್ನುವ ಕೀ. ಸಾಮಾನ್ಯವಾಗಿ 128 ಬಿಟ್‌ನ ಒಂದು ಗುಟ್ಟಿನ ಸಂಖ್ಯೆ. ಇದು ಎರಡೇ ಕಡೆ ಇರುತ್ತದೆ. ಒಂದು ಪ್ರತಿ ನಿಮ್ಮ ಸಿಮ್ ಒಳಗೆ, ಇನ್ನೊಂದು ಆಪರೇಟರ್‌ನ ಸರ್ವರ್‌ನಲ್ಲಿ. ಊರಿಗೆ ಹೋಗುವಾಗ ಮನೆ ಬೀಗದ ಕೀ ಒಂದನ್ನು ನಾವಿಟ್ಟುಕೊಂಡು ಇನ್ನೊಂದನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗ್ತೀವಲ್ಲ, ಹಾಗೆ. ಈ ಕೀ ಗಾಳಿಯಲ್ಲಿ ಎಂದೂ ಹೋಗುವುದಿಲ್ಲ. ಟವರ್ ಕಡೆಯಿಂದ ಒಂದು ಯದ್ವಾತದ್ವಾ ಸಂಖ್ಯೆ ಬರುತ್ತದೆ, ಸಿಮ್ ಅದನ್ನು ಕೆ ಜೊತೆ ಅರೆದು ಉತ್ತರ ಕೊಡುತ್ತದೆ, ಸರ್ವರ್ ತನ್ನ ಪ್ರತಿಯಿಂದ ಅದೇ ಲೆಕ್ಕ ಮಾಡಿ ಎರಡೂ ಒಂದೇನಾ ಅಂತ ನೋಡುತ್ತದೆ. ನಿಮ್ಮ ಕರೆ, ನಿಮ್ಮ ಡೇಟಾ, ಎಲ್ಲವನ್ನೂ ಬೇರೆಯವರು ಓದದ ಹಾಗೆ ಮುಚ್ಚುವ ಎನ್‌ಕ್ರಿಪ್ಷನ್ ಕೀ ಹುಟ್ಟುವುದೂ ಈ ಲೆಕ್ಕದಿಂದಲೇ.

ಹೆಸರು ಒಂದು, ಕೀ ಒಂದು. ಕ್ವಾಂಟಮ್ ಕಂಪ್ಯೂಟರ್ ಈ ಎರಡನ್ನೂ ಒಂದೇ ಥರ ನೋಡುವುದಿಲ್ಲ.

45 ಬೈಟ್‌ನಲ್ಲಿ ಅಡಗಿದ ಹೆಸರು

ಹೆಸರನ್ನು ಯಾಕೆ ಅಡಗಿಸಬೇಕು? 2ಜಿ ಕಾಲದಿಂದ 4ಜಿ ತನಕ ಒಂದು ತೂತು ಹಾಗೇ ಉಳಿದಿತ್ತು. ಟವರ್ "ನೀನ್ಯಾರು?" ಅಂತ ಕೇಳಿದರೆ ಫೋನ್ ತನ್ನ ಐಎಂಎಸ್‌ಐಯನ್ನು ಬಿಚ್ಚಿ ಹೇಳಿಬಿಡುತ್ತಿತ್ತು. ಕೇಳಿದ್ದು ಅಸಲಿ ಟವರ್ರಾ, ಯಾರೋ ವ್ಯಾನ್‌ನಲ್ಲಿ ಇಟ್ಟುಕೊಂಡ ನಕಲಿ ಟವರ್ರಾ ಅನ್ನುವುದು ಖಾತ್ರಿಯಾಗುವ ಮುಂಚೆಯೇ ಹೇಳಿಬಿಡುತ್ತಿತ್ತು. ಇಂಥ ನಕಲಿ ಟವರ್ ಪೆಟ್ಟಿಗೆಗೆ ಐಎಂಎಸ್‌ಐ ಕ್ಯಾಚರ್ ಅಂತಾರೆ. ಒಂದು ಮೆರವಣಿಗೆಗೆ, ಒಂದು ಪ್ರತಿಭಟನೆಗೆ ಯಾರ್ಯಾರು ಬಂದಿದ್ದರು ಅಂತ ಪಟ್ಟಿ ಮಾಡಲು ಅಷ್ಟು ಸಾಕು. ಯಾರ ಕರೆಯನ್ನೂ ಕದ್ದು ಕೇಳಬೇಕಾಗಿಲ್ಲ.

2018ರಲ್ಲಿ ಬಂದ 5ಜಿ ನಿಯಮಗಳು ಈ ತೂತು ಮುಚ್ಚಿದವು. ಹೇಗೆ ಅಂದರೆ, ದೇವಸ್ಥಾನದ ಹುಂಡಿ ನೆನಪು ಮಾಡಿಕೊಳ್ಳಿ. ಕಿಂಡಿಯಲ್ಲಿ ಯಾರು ಬೇಕಾದರೂ ಕಾಸು ಹಾಕಬಹುದು, ತೆಗೆಯಲು ಮಾತ್ರ ಬೀಗದ ಕೀ ಇದ್ದವರಿಗೇ ಸಾಧ್ಯ. ಆಪರೇಟರ್ ಒಂದು ಜೋಡಿ ಕೀ ಮಾಡಿಕೊಳ್ಳುತ್ತದೆ. ಕಿಂಡಿಯಂಥ ಪಬ್ಲಿಕ್ ಕೀಯನ್ನು ಎಲ್ಲ ಗ್ರಾಹಕರ ಸಿಮ್‌ಗೂ ಹಾಕಿ ಕೊಡುತ್ತದೆ, ಬಿಚ್ಚುವ ಪ್ರೈವೇಟ್ ಕೀಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಫೋನ್ ತನ್ನ ಹೆಸರನ್ನು ಆ ಕಿಂಡಿಯಿಂದ ಒಳಗೆ ಹಾಕಿ ಕಳಿಸುತ್ತದೆ. ನಡುವೆ ನಿಂತವರಿಗೆ ದೇಶ ಯಾವುದು, ಆಪರೇಟರ್ ಯಾರು ಅನ್ನುವುದು ಕಾಣುತ್ತದೆ, ಆಮೇಲಿನ 10 ಅಂಕೆ ಕಾಣುವುದಿಲ್ಲ. ಹೀಗೆ ಮುಚ್ಚಿದ ಹೆಸರಿಗೆ ಸುಚಿ ಅಂತಾರೆ, ಎಸ್‌ಯುಸಿಐ.

ಲಾಗ್‌ನಲ್ಲಿ ಇದನ್ನು ಬಿಡಿಸಿ ನೋಡುವುದು ನನಗೆ ಇವತ್ತಿಗೂ ಇಷ್ಟದ ಕೆಲಸ. ಹೆಚ್ಚು ಬಳಕೆಯ ವಿಧಾನದಲ್ಲಿ ಒಟ್ಟು 45 ಬೈಟ್. ಮೊದಲ 32 ಬೈಟ್, ಫೋನ್ ಆ ಒಂದು ಸಲಕ್ಕೆ ಅಂತ ಹುಟ್ಟಿಸಿದ ಪಬ್ಲಿಕ್ ಕೀ. ಆಮೇಲೆ 5 ಬೈಟ್, ಅದೇ ನಿಮ್ಮ 10 ಅಂಕೆ, ಎನ್‌ಕ್ರಿಪ್ಟ್ ಆಗಿ. ಕೊನೆಯ 8 ಬೈಟ್, ನಡುವೆ ಯಾರೂ ತಿದ್ದಿಲ್ಲ ಅನ್ನುವ ಮುದ್ರೆ. ಅದೇ ಸಿಮ್, ಅದೇ ಫೋನ್, ಎರಡು ಸಲ ಕೇಳಿದರೆ ಎರಡು ಬೇರೆ 45 ಬೈಟ್ ಬರುತ್ತವೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ.

ಅಷ್ಟು ಸಣ್ಣದಾಗಲು ಕಾರಣ ಎಲಿಪ್ಟಿಕ್ ಕರ್ವ್ ಅನ್ನುವ ವಕ್ರರೇಖೆಗಳ ಗಣಿತ. ಕ್ವಾಂಟಮ್ ಏಟು ನೇರವಾಗಿ ಬೀಳುವುದು ಅಲ್ಲಿಗೇ.

ಏಟು ಬೀಳುವ ಜಾಗ

1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ಪೀಟರ್ ಶೋರ್ ಒಂದು ಲೆಕ್ಕದ ದಾರಿ ತೋರಿಸಿದರು. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಪಬ್ಲಿಕ್ ಕೀ ನೋಡಿ ಪ್ರೈವೇಟ್ ಕೀ ಕಂಡುಹಿಡಿಯಬಹುದು. ಆರ್‌ಎಸ್‌ಎ ಅನ್ನುವ ಹಳೆಯ ಪಬ್ಲಿಕ್ ಕೀ ವಿಧಾನ ಕೂಡ ಹೋಗುತ್ತದೆ, ಎಲಿಪ್ಟಿಕ್ ಕರ್ವ್ ಕೂಡ ಹೋಗುತ್ತದೆ. ಹುಂಡಿಯ ಕಿಂಡಿ ನೋಡಿಯೇ ಬೀಗದ ಕೀ ಮಾಡಿದ ಹಾಗೆ.

ಈಗ 5ಜಿ ಕತೆಗೆ ಇದನ್ನು ಕೂಡಿಸಿ. ಆಪರೇಟರ್‌ನ ಪಬ್ಲಿಕ್ ಕೀ ಎಷ್ಟು ಗುಟ್ಟು? ಗುಟ್ಟೇ ಅಲ್ಲ. ಎಷ್ಟೋ ಸಿಮ್‌ಗಳಲ್ಲಿ ಲೆಕ್ಕ ಮಾಡುವುದು ಫೋನ್, ಹಾಗಾಗಿ ಆ ಕೀ ಫೋನ್ ಓದಬಲ್ಲ ಫೈಲ್‌ನಲ್ಲೇ ಇರುತ್ತದೆ. ಒಂದು ಸಿಮ್ ಕೊಂಡವರು ಕಾರ್ಡ್ ರೀಡರ್‌ನಲ್ಲಿ ಓದಿಕೊಳ್ಳಬಹುದು. ಅದೇ ಕೀ ಲಕ್ಷಾಂತರ, ಕೋಟ್ಯಂತರ ಗ್ರಾಹಕರಿಗೂ. ಅಂದರೆ ಕ್ವಾಂಟಮ್ ಕಂಪ್ಯೂಟರ್ ಒಂದೇ ಒಂದು ಲೆಕ್ಕ ಮಾಡಿದರೆ ಸಾಕು, ಆ ಕೀ ಹಾಕಿಕೊಂಡ ಎಲ್ಲರ ಮುಸುಕೂ ಒಟ್ಟಿಗೆ ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬೇಡ. ನನಗೆ ತುಂಬಾ ಕಳವಳ ಕೊಡುವ ವಿಷಯ ಇದು.

ಇನ್ನೊಂದು ಇದೆ. ಮಾತು, ಡೇಟಾ ಎಲ್ಲ ಗಾಳಿಯಲ್ಲಿ ಹೋಗುವಾಗ ಕೇಬಲ್ ಕಡಿಯುವ, ಬಾಗಿಲು ಮುರಿಯುವ ಕೆಲಸ ಇಲ್ಲ. ಪಕ್ಕದ ಬೀದಿಯಲ್ಲಿ ಕೂತು ರೇಡಿಯೋದಲ್ಲಿ ಹಿಡಿದು ಇವತ್ತಿನ 45 ಬೈಟ್‌ಗಳನ್ನು ಡಿಸ್ಕ್‌ಗೆ ತುಂಬಿಸಿ ಇಟ್ಟುಕೊಳ್ಳಬಹುದು. ಹತ್ತು ವರ್ಷ ಬಿಟ್ಟು ಕ್ವಾಂಟಮ್ ಯಂತ್ರ ಸಿಕ್ಕಾಗ ಬಿಚ್ಚಿದರೆ ಹತ್ತು ವರ್ಷದ ಹಿಂದೆ ಯಾರು ಎಲ್ಲಿದ್ದರು ಅನ್ನುವುದು ಹೊರಬರುತ್ತದೆ. ಕ್ರೆಡಿಟ್ ಕಾರ್ಡ್ ನಂಬರ್ ಹತ್ತು ವರ್ಷಕ್ಕೆ ಹಳೆಯದಾಗುತ್ತದೆ. ಒಬ್ಬ ಪತ್ರಕರ್ತೆ ಒಂದು ರಾತ್ರಿ ಯಾರ ಮನೆ ಹತ್ತಿರ ಇದ್ದಳು ಅನ್ನುವುದು ಹಳೆಯದಾಗುವುದಿಲ್ಲ, ಅಲ್ವಾ?

ಹಾಗಂತ ನಾಳೆಯೇ ಆಗುತ್ತದೆ ಅಂತ ಹೆದರಿಸಲಾರೆ. 2017ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಹಾಕಿದ ಲೆಕ್ಕದ ಪ್ರಕಾರ 256 ಬಿಟ್‌ನ ಎಲಿಪ್ಟಿಕ್ ಕರ್ವ್ ಒಡೆಯಲು ತಪ್ಪೇ ಮಾಡದ 2,330 ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರ್ ಲೆಕ್ಕ ಮಾಡುವ ಮೂಲ ತುಣುಕು) ಸಾಕು. ತಪ್ಪೇ ಮಾಡದ ಅನ್ನುವ ಮಾತು ಮುಖ್ಯ. ಇವತ್ತಿನ ಕ್ಯೂಬಿಟ್‌ಗಳು ಪದೇ ಪದೇ ತಪ್ಪುತ್ತವೆ, ನೂರಾರು ಸಾವಿರಾರು ಸೇರಿಸಿ ತಿದ್ದುತ್ತಾ ಹೋದರೆ ಒಂದು ನಂಬಿಕಸ್ತ ಕ್ಯೂಬಿಟ್ ಸಿಗುತ್ತದೆ. 2024ರ ಡಿಸೆಂಬರ್‌ನಲ್ಲಿ ಗೂಗಲ್ ತೋರಿಸಿದ ವಿಲೋ ಚಿಪ್‌ನಲ್ಲಿದ್ದದ್ದು 105 ಕ್ಯೂಬಿಟ್. ದೂರ ಇನ್ನೂ ಬಹಳ ಇದೆ. ಆದರೆ ಆ ದೂರ ಎರಡು ಕಡೆಯಿಂದಲೂ ಕಮ್ಮಿ ಆಗುತ್ತಿದೆ: ಯಂತ್ರ ದೊಡ್ಡದಾಗುತ್ತಿದೆ, ಲೆಕ್ಕ ಚಿಕ್ಕದಾಗುತ್ತಿದೆ. 2048 ಬಿಟ್‌ನ ಆರ್‌ಎಸ್‌ಎ ಒಡೆಯಲು 2 ಕೋಟಿ ಸಾಮಾನ್ಯ ಕ್ಯೂಬಿಟ್ ಬೇಕು ಅಂತ 2019ರಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಮತ್ತು ಸ್ವೀಡನ್ನಿನ ಮಾರ್ಟಿನ್ ಎಕೆರೋ ಹೇಳಿದ್ದರು. 2025ರ ಮೇ ತಿಂಗಳಲ್ಲಿ ಅದೇ ಗಿಡ್ನಿ 10 ಲಕ್ಷಕ್ಕೂ ಕಮ್ಮಿ ಸಾಕು, ಒಂದು ವಾರದೊಳಗೆ ಆಗುತ್ತದೆ ಅಂತ ಹೊಸ ಲೆಕ್ಕ ಕೊಟ್ಟರು. ಆರು ವರ್ಷದಲ್ಲಿ ಇಪ್ಪತ್ತು ಪಟ್ಟು ಇಳಿತ. ಅದೂ ಬರೀ ಪೇನು ಪೇಪರಿನ ಕೆಲಸದಿಂದ.

ಏಟು ಬೀಳದ ಜಾಗ

ಎರಡನೇ ಗುಟ್ಟು ಕೆ. ಇದರಲ್ಲಿ ಪಬ್ಲಿಕ್ ಕೀ ಅನ್ನುವುದೇ ಇಲ್ಲ, ಶೋರ್ ದಾರಿ ಇಲ್ಲಿಗೆ ಬರುವುದೇ ಇಲ್ಲ. ಇಲ್ಲಿ ಬರಬಹುದಾದ್ದು 1996ರಲ್ಲಿ ಲವ್ ಗ್ರೋವರ್ ತೋರಿಸಿದ ದಾರಿ. ಇವರು ಭಾರತದಲ್ಲಿ ಹುಟ್ಟಿದವರು, ಇವರೂ ಬೆಲ್ ಲ್ಯಾಬ್ಸ್‌ನಲ್ಲೇ ಇದ್ದವರು. ಅವರ ವಿಧಾನದಲ್ಲಿ 128 ಬಿಟ್‌ನ ಕೀ ಹುಡುಕಲು 2ರ 128ನೇ ಘಾತದಷ್ಟು ಸಲ ತಡಕಾಡುವ ಬದಲು ಸುಮಾರು 2ರ 64ನೇ ಘಾತದಷ್ಟು ಹೆಜ್ಜೆ ಸಾಕು. ಕೇಳಲು ಭಯ ಆಗುತ್ತದೆ. ಆದರೆ ಆ ಹೆಜ್ಜೆಗಳನ್ನು ಒಂದಾದ ಮೇಲೆ ಒಂದು ಇಡಬೇಕು, ಹಂಚಿಕೊಂಡು ಮಾಡಿದರೆ ಲಾಭ ಕಮ್ಮಿ: ನೂರು ಯಂತ್ರ ಇಟ್ಟರೂ ವೇಗ ಹೆಚ್ಚುವುದು ಹತ್ತೇ ಪಟ್ಟು. ಅದಕ್ಕೇ ಈ ಕ್ಷೇತ್ರದ ಬಹಳ ಜನ ಇದನ್ನು ಹತ್ತಿರದ ಅಪಾಯ ಅಂತ ನೋಡುವುದಿಲ್ಲ. ಇನ್ನೂ ಅನುಮಾನ ಇದ್ದರೆ ಕೀಯನ್ನು 256 ಬಿಟ್ ಮಾಡಿದರೆ ಮುಗಿಯಿತು.

ಮನೆಯ ವೈಫೈ ಕತೆಯೂ ಇದಕ್ಕೆ ಹತ್ತಿರ. ಪಾಸ್‌ವರ್ಡ್ ಹಾಕಿ ಸೇರುವ ಡಬ್ಲ್ಯೂಪಿಎ2 ಅನ್ನುವ ವೈಫೈ ಭದ್ರತೆಯ ವಿಧಾನದಲ್ಲಿ ಪಬ್ಲಿಕ್ ಕೀ ಕೆಲಸ ಇಲ್ಲ, ಕ್ವಾಂಟಮ್‌ಗೆ ಅಲ್ಲಿ ಸುಲಭದ ತುತ್ತು ಇಲ್ಲ. ಆದರೆ ಪಾಸ್‌ವರ್ಡ್ ಮನೆಯವರ ಹೆಸರಿನ ಮುಂದೆ 123 ಅಂತ ಇದ್ದರೆ ಸುಮ್ನೆ ಒಂದು ಲ್ಯಾಪ್‌ಟಾಪ್ ಸಾಕು. ಹೊಸ ಡಬ್ಲ್ಯೂಪಿಎ3ನಲ್ಲಿ ಮಾತ್ರ ಎಲಿಪ್ಟಿಕ್ ಕರ್ವ್ ಬಳಕೆ ಇದೆ. ಇವತ್ತಿನ ಕಳ್ಳರ ಮುಂದೆ ಅದು ಗಟ್ಟಿ, ಹಾಗಾಗಿ ಈಗ ಹಾಕಿಕೊಳ್ಳುವುದೇ ಒಳ್ಳೆಯದು. ಮುಂದೆ ಅದನ್ನೂ ಬದಲಿಸಬೇಕಾಗುತ್ತದೆ.

ಮತ್ತೆ ಸಿಮ್‌ಗೆ ಬರೋಣ. ಕ್ವಾಂಟಮ್ ಲೆಕ್ಕದಲ್ಲಿ ಹೆಸರಿನ ಮುಸುಕು ದುರ್ಬಲ, ಕೆ ಗಟ್ಟಿ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮೊದಲ ಘಟನೆ: ಪರೀಕ್ಷೆಯ ಸಿಮ್

ಎಸ್‌ಕೆ ಟೆಲಿಕಾಂ ಈ ವಿಷಯದಲ್ಲಿ ನಿದ್ದೆ ಮಾಡುತ್ತಿದ್ದ ಕಂಪನಿ ಅಲ್ಲ. 2018ರಲ್ಲೇ ಸ್ವಿಟ್ಜರ್ಲೆಂಡಿನ ಕ್ವಾಂಟಮ್ ಭದ್ರತೆಯ ಕಂಪನಿ ಐಡಿ ಕ್ವಾಂಟಿಕ್‌ನಲ್ಲಿ ದುಡ್ಡು ಹಾಕಿತ್ತು. 2020ರ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಜೊತೆ ಗ್ಯಾಲಕ್ಸಿ ಎ ಕ್ವಾಂಟಮ್ ಅನ್ನುವ ಫೋನ್ ತಂದಿತು. ಅದರೊಳಗೆ 2.5 ಮಿಲಿಮೀಟರ್ ಅಗಲದ ಒಂದು ಚಿಪ್, ಬೆಳಕಿನ ಏರಿಳಿತದಿಂದ ಊಹಿಸಲಾಗದ ಸಂಖ್ಯೆ ಹುಟ್ಟಿಸಲು. ಇಷ್ಟು ಮುಂದಾಲೋಚನೆ ಇದ್ದ ಆಪರೇಟರ್‌ಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಮುಂದಿನ ಭಾಗ ಓದುವಾಗ ಈ ಮಾತನ್ನೂ ಮರೆಯಬಾರದು ಅನ್ನುವುದು ನನ್ನ ಕೋರಿಕೆ.

2023ರ ಪರೀಕ್ಷೆಯಲ್ಲಿ ಅವರು ಕೈ ಹಾಕಿದ್ದು ಸರಿಯಾಗಿ ಆ ದುರ್ಬಲ ಜಾಗಕ್ಕೆ. ಗ್ರಾಹಕರ ಹೆಸರು ಮುಚ್ಚುವ ಕೆಲಸಕ್ಕೆ ಕೈಬರ್ ಅನ್ನುವ ಹೊಸ ವಿಧಾನ ಬಳಸಿದರು. ಅಮೆರಿಕದ ಮಾನದಂಡಗಳ ಸಂಸ್ಥೆ ನಿಸ್ಟ್ ವರ್ಷಗಟ್ಟಲೆ ಪೈಪೋಟಿ ನಡೆಸಿ 2022ರಲ್ಲಿ ಆರಿಸಿದ ವಿಧಾನ ಅದು. 2024ರ ಆಗಸ್ಟ್ 13ರಂದು ಎಂಎಲ್‌-ಕೆಇಎಂ ಅನ್ನುವ ಹೆಸರಿನಲ್ಲಿ ಅಧಿಕೃತ ಮಾನದಂಡವೂ ಆಯಿತು. ಇದರ ಹಿಂದಿರುವ ಗಣಿತ ಬೇರೆ, ಲ್ಯಾಟಿಸ್ ಅಂತಾರೆ, ಅದನ್ನು ಒಡೆಯುವ ಕ್ವಾಂಟಮ್ ದಾರಿ ಯಾರಿಗೂ ಸಿಕ್ಕಿಲ್ಲ.

ಬೆಲೆ ಏನು? ಗಾತ್ರ. ಈಗ 32 ಬೈಟ್ ಹಿಡಿಯುವ ಜಾಗದಲ್ಲಿ ಕೈಬರ್‌ನ ಅತಿ ಚಿಕ್ಕ ಆವೃತ್ತಿ 768 ಬೈಟ್ ಹಿಡಿಯುತ್ತದೆ, ಮಧ್ಯದ್ದು 1,088 ಬೈಟ್. ನಾನು ಇಷ್ಟಪಟ್ಟು ಬಿಡಿಸಿ ನೋಡುವ ಆ 45 ಬೈಟ್ ಚಿಕ್ಕ ಆವೃತ್ತಿಯಲ್ಲೇ 781 ಬೈಟ್ ಆಗುತ್ತದೆ. ಆಪರೇಟರ್‌ನ ಪಬ್ಲಿಕ್ ಕೀ ಕೂಡ 32ರಿಂದ 800 ಬೈಟ್‌ಗೆ ಏರುತ್ತದೆ. ವೀಡಿಯೋ ನೋಡುವ ನಮಗೆ 781 ಬೈಟ್ ಏನೂ ಅಲ್ಲ. ಆದರೆ ಇದು ಹೋಗುವುದು ಫೋನ್ ನೆಟ್‌ವರ್ಕ್‌ಗೆ ಮೊದಲ ಸಲ ಕೈ ಚಾಚುವ ಹೊತ್ತಿನಲ್ಲಿ. ಸಿಗ್ನಲ್ ಒಂದೇ ಕಡ್ಡಿ ಇರುವ ಜಾಗದಲ್ಲಿ ದೊಡ್ಡ ಸಂದೇಶವನ್ನು ತುಂಡು ತುಂಡು ಮಾಡಿ ಕಳಿಸಬೇಕು, ಒಂದು ತುಂಡು ಬಿದ್ದುಹೋದರೆ ಮತ್ತೆ ಕಳಿಸಬೇಕು. ಇನ್ನು ಲೆಕ್ಕ ಮಾಡುವುದು ಸಿಮ್ ಆದರೆ ಆ ಪುಟ್ಟ ಚಿಪ್‌ಗೆ ಮೆಮೊರಿ ಸಾಲಬೇಕು, ಫೋನ್ ಆದರೆ ಪ್ರತಿ ಫೋನ್ ಕಂಪನಿಯೂ ಒಪ್ಪಬೇಕು.

ಹೊಸದು ಅಂದಮಾತ್ರಕ್ಕೆ ಹಳೆಯದನ್ನು ಕಿತ್ತು ಎಸೆಯುವ ಹಾಗೂ ಇಲ್ಲ. ನಿಸ್ಟ್ ಪೈಪೋಟಿಯಲ್ಲೇ ಮುಂದೆ ಬಂದಿದ್ದ ಸೈಕ್ ಅನ್ನುವ ವಿಧಾನವನ್ನು 2022ರಲ್ಲಿ ಬೆಲ್ಜಿಯಂನ ಇಬ್ಬರು ಗಣಿತಜ್ಞರು ಒಂದು ಮಾಮೂಲಿ ಕಂಪ್ಯೂಟರ್‌ನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಒಡೆದರು. ಕ್ವಾಂಟಮ್ ತಡೆಯುತ್ತದೆ ಅಂದುಕೊಂಡಿದ್ದು ಲ್ಯಾಪ್‌ಟಾಪ್ ಮುಂದೆ ನಿಲ್ಲಲಿಲ್ಲ. ಅದಕ್ಕೇ ಹಳೆಯ ಕರ್ವ್ ಮತ್ತು ಹೊಸ ಲ್ಯಾಟಿಸ್ ಎರಡನ್ನೂ ಜೊತೆಗೆ ಹಾಕಬೇಕು, ಎರಡೂ ಒಡೆದರೆ ಮಾತ್ರ ಒಳಗಿನದು ಸಿಗಬೇಕು ಅನ್ನುವುದು ಈಗ ಬಹಳ ಜನರ ಅಭಿಪ್ರಾಯ. ನನ್ನದೂ ಅದೇ.

ಪರೀಕ್ಷೆ ಒಳ್ಳೆಯದೇ ಆಗಿತ್ತು. ಅದನ್ನು ಪ್ರಚಾರದ ಆಟ ಅಂತ ಬದಿಗೆ ಸರಿಸುವವರ ಜೊತೆ ನನಗೆ ಒಪ್ಪಿಗೆ ಇಲ್ಲ.

ಎರಡನೇ ಘಟನೆ: ಕಳುವಾದ ಕೀ

2025ರ ಏಪ್ರಿಲ್ 18ರ ಸಂಜೆ ಕಂಪನಿಗೆ ತನ್ನ ಜಾಲದಿಂದ ಎಂದೂ ಇಲ್ಲದಷ್ಟು ಡೇಟಾ ಹೊರಗೆ ಹೋಗಿದ್ದು ಕಾಣಿಸಿತು. 22ರಂದು ಜನರಿಗೆ ಗೊತ್ತಾಯಿತು. ಹೋಗಿದ್ದು ಗ್ರಾಹಕರ ಸಿಮ್ ವಿವರ ಇಡುವ ಎಚ್‌ಎಸ್‌ಎಸ್ ಸರ್ವರ್‌ಗಳಿಂದ. ಜುಲೈನಲ್ಲಿ ಬಂದ ಸರ್ಕಾರಿ ತನಿಖಾ ತಂಡದ ವರದಿ ಪ್ರಕಾರ 28 ಸರ್ವರ್‌ಗಳಲ್ಲಿ 33 ಬಗೆಯ ಮಾಲ್‌ವೇರ್ ಇತ್ತು. ಅದರಲ್ಲಿ ಬಹುಪಾಲು ಬಿಪಿಎಫ್‌ಡೋರ್ ಜಾತಿಯದ್ದು. ಇದು ಲಿನಕ್ಸ್ ಸರ್ವರ್ ಒಳಗೆ ಸದ್ದಿಲ್ಲದೆ ಕೂತು, ಒಂದು ಗೊತ್ತಾದ ಸಂಕೇತದ ಪ್ಯಾಕೆಟ್ ಬಂದಾಗ ಮಾತ್ರ ಏಳುತ್ತದೆ, ಹಾಗಾಗಿ ಸಿಗುವುದು ಕಷ್ಟ. ಹೊರಗೆ ಹೋದ ಡೇಟಾ 9.82 ಜಿಬಿ. ಅದರಲ್ಲಿ ಐಎಂಎಸ್‌ಐ ಲೆಕ್ಕದಲ್ಲಿ ಸುಮಾರು 2 ಕೋಟಿ 69 ಲಕ್ಷ ದಾಖಲೆಗಳು.

ಇಷ್ಟೂ ಹೆಸರು. ಜೊತೆಗೆ ಕೆ ಕೂಡ ಹೋಯಿತು.

ಸರ್ವರ್‌ನಲ್ಲಿ ಆ ಕೀಗಳನ್ನು ಎನ್‌ಕ್ರಿಪ್ಟ್ ಮಾಡದೆ ಬರೀ ಅಕ್ಷರದಲ್ಲಿ ಇಟ್ಟಿದ್ದರು. ಅದೇ ದೇಶದ ಉಳಿದ ಎರಡು ಆಪರೇಟರ್‌ಗಳು ಎನ್‌ಕ್ರಿಪ್ಟ್ ಮಾಡಿ ಇಟ್ಟಿದ್ದವು ಅಂತ ತನಿಖಾ ತಂಡವೇ ಹೇಳಿತು. ಸರ್ವರ್‌ಗೆ ಹೋಗುವ ಪಾಸ್‌ವರ್ಡ್‌ಗಳೂ ಇನ್ನೊಂದು ಸರ್ವರ್‌ನಲ್ಲಿ ಹಾಗೇ ಬಿದ್ದಿದ್ದವು. ಆಗಸ್ಟ್‌ನಲ್ಲಿ ಆ ದೇಶದ ಖಾಸಗಿ ಮಾಹಿತಿ ರಕ್ಷಣಾ ಆಯೋಗ 2 ಕೋಟಿ 32 ಲಕ್ಷ ಗ್ರಾಹಕರ ಮಾಹಿತಿ ಸೋರಿದ್ದಕ್ಕೆ ಸುಮಾರು 13,479 ಕೋಟಿ ವೋನ್ ದಂಡ ಹಾಕಿತು.

ಒಂದು ಸಂದೇಹ ಬರಬಹುದು, ಹೆಸರು ಮತ್ತು ಕೀ ಹೋದರೆ ಏನಾಯಿತು ಅಂತ. ಮೊದಲನೆಯದು ನಕಲಿ ಸಿಮ್ ಭಯ. ಎಲ್ಲರೂ ಮಾತಾಡಿದ್ದು ಅದರ ಬಗ್ಗೆಯೇ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ತಂದದ್ದು ಇನ್ನೊಂದು. ಕರೆಯ ಎನ್‌ಕ್ರಿಪ್ಷನ್ ಕೀ ಹುಟ್ಟುವುದು ಕೆ ಮತ್ತು ಗಾಳಿಯಲ್ಲಿ ಬಿಚ್ಚಿಯೇ ಬರುವ ಆ ಯದ್ವಾತದ್ವಾ ಸಂಖ್ಯೆಯಿಂದ ಅಂದೆನಲ್ಲ. ಆಪರೇಟರ್‌ಗೆ ಸೇರಿದ ಇನ್ನೊಂದು ಸಂಖ್ಯೆಯೂ ಲೆಕ್ಕಕ್ಕೆ ಬೇಕು, ಅದೂ ಕೈಯಲ್ಲಿದ್ದರೆ, ಹಿಂದೆ ಎಂದೋ ರೇಡಿಯೋದಲ್ಲಿ ಹಿಡಿದು ಡಿಸ್ಕ್‌ನಲ್ಲಿ ಇಟ್ಟುಕೊಂಡ ಮಾತುಕತೆಯನ್ನು ಇವತ್ತು ಕೂತು ಬಿಚ್ಚಬಹುದು. ಅಂದರೆ "ಈಗ ತುಂಬಿಸಿಡು, ಆಮೇಲೆ ಬಿಚ್ಚು" ಅನ್ನುವ ಯಾವ ಅಪಾಯಕ್ಕೆ ಕ್ವಾಂಟಮ್ ಬರಬೇಕು ಅಂತ ನಾವು ಕಾಯುತ್ತಿದ್ದೆವೋ, ಅದೇ ಅಪಾಯದ ಬಾಗಿಲು ಕ್ವಾಂಟಮ್ ಇಲ್ಲದೆಯೇ ತೆರೆದುಕೊಂಡಿತು. ಅದೂ ಕ್ವಾಂಟಮ್‌ಗೂ ಬಗ್ಗದ ಕೀ ಮೂಲಕ. ಹಾಗೆ ಯಾರಾದರೂ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಆ ಲೆಕ್ಕ ಸಾಧ್ಯ ಅಂತಷ್ಟೇ ಹೇಳುತ್ತಿದ್ದೇನೆ.

ತಾರೀಖುಗಳನ್ನು ಒಂದು ಸಲ ಸಾಲಾಗಿ ನೋಡಿ. ಮೊದಲ ಮಾಲ್‌ವೇರ್ ಒಳಗೆ ಬಂದದ್ದು 2021ರ ಆಗಸ್ಟ್ 6. 2022ರ ಫೆಬ್ರವರಿಯಲ್ಲಿ ಒಂದು ಸರ್ವರ್ ತಾನಾಗಿ ರೀಸ್ಟಾರ್ಟ್ ಆಗಿ, ನೋಡಿದಾಗ ಮಾಲ್‌ವೇರ್ ಸಿಕ್ಕಿತ್ತು. ಆಗ ಕಂಪನಿ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲಿಲ್ಲ, ಪೂರ್ತಿ ಹುಡುಕಲೂ ಇಲ್ಲ. 2023ರಲ್ಲಿ ಕ್ವಾಂಟಮ್ ಸಿಮ್ ಪರೀಕ್ಷೆಯ ಸುದ್ದಿ. ಅಂದರೆ ಆ ಸುದ್ದಿ ಹೊರಬಂದ ದಿನ ಕಳ್ಳ ಆಗಲೇ ಒಳಗೆ ಕೂತು ಒಂದು ವರ್ಷದ ಮೇಲಾಗಿತ್ತು. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ಬಹಳ ಹೊತ್ತು ಮನಸ್ಸು ಸರಿ ಇರಲಿಲ್ಲ. ಆ ಪರೀಕ್ಷೆ ಮಾಡಿದ ಎಂಜಿನಿಯರ್‌ಗಳು ನನ್ನಂಥವರೇ. ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

2 ಕೋಟಿ ಸಿಮ್ ಬದಲಿಸುವುದು ಅಂದರೆ

ಈ ಪ್ರಕರಣದಲ್ಲಿ ಕ್ವಾಂಟಮ್ ಕೆಲಸ ಮಾಡುವವರು ಕೂತು ಓದಬೇಕಾದ ಭಾಗ ಮುಂದಿನದು, ಆದರೆ ಇದರ ಬಗ್ಗೆ ಮಾತು ಕಮ್ಮಿ.

ಕೆ ಹೋಯಿತು ಅಂದಮೇಲೆ ಸಿಮ್ ಬದಲಿಸಬೇಕು. ಏಪ್ರಿಲ್ 28ರಿಂದ ಎಲ್ಲರಿಗೂ ಉಚಿತವಾಗಿ ಬದಲಿಸಿ ಕೊಡುತ್ತೇವೆ ಅಂತ ಕಂಪನಿ ಹೇಳಿತು. ಅಂಗಡಿಗಳ ಮುಂದೆ ಬೆಳಗ್ಗೆಯಿಂದಲೇ ಸಾಲು. ಬದಲಿಸಬೇಕಾದವರು, ಅದೇ ಜಾಲ ಬಳಸುವ ಸಣ್ಣ ಕಂಪನಿಗಳ ಗ್ರಾಹಕರೂ ಸೇರಿ, ಸುಮಾರು 2 ಕೋಟಿ 50 ಲಕ್ಷ. ಕೈಯಲ್ಲಿದ್ದ ಸಿಮ್ 10 ಲಕ್ಷ. ಮೇ ಕೊನೆಯೊಳಗೆ ಇನ್ನೂ 50 ಲಕ್ಷ ತರಿಸುವ ಭರವಸೆ. ಅಂದರೆ ಒಂದು ತಿಂಗಳ ಮೇಲೂ ಕಾಲು ಭಾಗಕ್ಕೆ ಸಾಲುವಷ್ಟು ಸಿಮ್ ಇಲ್ಲ. ಹಳೆಯ ಗ್ರಾಹಕರಿಗೇ ಮೊದಲು ಕೊಡಿ ಅಂತ ಸರ್ಕಾರ ಹೇಳಿತು. ಮೇ 5ರಿಂದ ಕಂಪನಿಯ ಅಂಗಡಿಗಳಲ್ಲಿ ಹೊಸ ಗ್ರಾಹಕರನ್ನು ಸೇರಿಸುವುದೇ ನಿಂತಿತು, ಪೂರ್ತಿ ಶುರುವಾಗಿದ್ದು ಜೂನ್ 24ಕ್ಕೆ. ನಡುವೆ, ಕಾರ್ಡ್ ಬದಲಿಸದೆ ಅದರ ಒಳಗಿನ ಕೆಲವು ವಿವರಗಳನ್ನು ಮಾತ್ರ ಬದಲಿಸುವ ದಾರಿ ಕಂಡುಕೊಂಡರು. ಫೋನ್ ಜೊತೆಯೇ ಬೆಸೆದಿರುವ ಇ-ಸಿಮ್ ಇದ್ದವರದ್ದು ಸುಲಭವಾಯಿತು.

ಇದು ಚಿಕ್ಕ ದೇಶ, ಊರೂರಿಗೆ ಅಂಗಡಿ, ದುಡ್ಡಿರುವ ಕಂಪನಿ, ಮೈಮೇಲೆ ಬಂದ ತುರ್ತು. ಆದರೂ ಇಷ್ಟು ಕಷ್ಟ. ಕ್ವಾಂಟಮ್ ಸಲುವಾಗಿ ಸಿಮ್ ಬದಲಿಸುವುದು ಇದಕ್ಕಿಂತ ದೊಡ್ಡ ಕೆಲಸ, ಯಾಕೆಂದರೆ ಅಲ್ಲಿ ಬದಲಾಗುವುದು ಕೀ ಒಂದೇ ಅಲ್ಲ, ಬೀಗದ ಜಾತಿಯೇ. 800 ಬೈಟ್ ಕೀ ಹಿಡಿಯದ, ಹೊಸ ಲೆಕ್ಕ ಮಾಡಲಾಗದ ಕಾರ್ಡ್‌ಗೆ ದೂರದಿಂದ ಅಪ್‌ಡೇಟ್ ಕಳಿಸಿ ಪ್ರಯೋಜನ ಇಲ್ಲ. ನಿಸ್ಟ್ 2024ರ ನವೆಂಬರ್‌ನಲ್ಲಿ ಹೊರತಂದ ಕರಡಿನಲ್ಲಿ ಈಗಿನ ಆರ್‌ಎಸ್‌ಎ, ಎಲಿಪ್ಟಿಕ್ ಕರ್ವ್ ಬಳಕೆಯನ್ನು 2035ರ ನಂತರ ಬಿಡಬೇಕು ಅಂತಿದೆ. ಇವತ್ತು ಅಂಗಡಿಯಲ್ಲಿ ಕೊಂಡ ಸಿಮ್ 2035ರಲ್ಲೂ ಯಾವುದೋ ಫೋನ್‌ನಲ್ಲಿ ಇದ್ದೇ ಇರುತ್ತದೆ.

ನಾನು ಆಪರೇಟರ್ ಜಾಗದಲ್ಲಿ ಇದ್ದಿದ್ದರೆ ಮೊದಲು ಮಾಡುತ್ತಿದ್ದ ಕೆಲಸ ಒಂದು ಪಟ್ಟಿ. ಯಾವ ಕೀ ಎಲ್ಲಿದೆ, ಯಾವ ಗಣಿತದ ಮೇಲೆ ನಿಂತಿದೆ, ಯಾರು ಮುಟ್ಟಬಹುದು, ಬದಲಿಸಲು ಎಷ್ಟು ದಿನ ಬೇಕು. ಕ್ವಾಂಟಮ್‌ಗೆ ತಯಾರಾಗುವವರು ಹೇಗೂ ಈ ಪಟ್ಟಿ ಮಾಡಲೇಬೇಕು. ಸರಿಯಾಗಿ ಮಾಡಿದರೆ, ಬರೀ ಅಕ್ಷರದಲ್ಲಿ ಬಿದ್ದಿರುವ ಕೆ ಅದರ ಮೊದಲನೇ ಸಾಲಿನಲ್ಲೇ ಕಣ್ಣಿಗೆ ಬೀಳುತ್ತದೆ. ಅದನ್ನು ಎನ್‌ಕ್ರಿಪ್ಟ್ ಮಾಡಿ ಇಡಲು 2035 ಬರಬೇಕಾಗಿಲ್ಲ.

ನಮ್ಮ ಕಡೆ

ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ ಒಪ್ಪಿತು. ಎಂಟು ವರ್ಷದಲ್ಲಿ 50ರಿಂದ 1,000 ಕ್ಯೂಬಿಟ್ ತನಕದ ಯಂತ್ರ ಕಟ್ಟುವುದು ಅದರ ಒಂದು ಗುರಿ, ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಇದೆ. ಯಂತ್ರ ಕಟ್ಟುವ ಊರಿನಲ್ಲಿ ಇದ್ದುಕೊಂಡು ಬೀಗದ ಬಗ್ಗೆ ನಾವು ಮಾತಾಡದಿದ್ದರೆ ಹೇಗೆ?

ನಮ್ಮಲ್ಲಿ ಇನ್ನೊಂದು ತೊಡಕಿದೆ. 5ಜಿಗೆ ಹಳೆಯ 4ಜಿ ಸಿಮ್ಮೇ ಸಾಕು ಅಂತ ಆಪರೇಟರ್‌ಗಳು ಹೇಳಿದರು. ಜನರಿಗೆ ಅನುಕೂಲ ಆಯಿತು, ಸರಿ. ಆದರೆ ಆಪರೇಟರ್‌ನ ಪಬ್ಲಿಕ್ ಕೀ ಇಲ್ಲದ ಸಿಮ್ ಇದ್ದರೆ 5ಜಿ ನಿಯಮದಲ್ಲೇ ಒಂದು ವಿನಾಯಿತಿ ಇದೆ, ನಲ್ ಸ್ಕೀಮ್ ಅಂತ. ಅಂದರೆ ಮುಸುಕು ಹಾಕದೆ ಹೆಸರು ಕಳಿಸು. ಇನ್ನು ಕೆಲವು ಕಡೆ 5ಜಿ ರೇಡಿಯೋ ಇದ್ದರೂ ಟವರ್ ಹಿಂದಿರುವ ಮುಖ್ಯ ಸರ್ವರ್‌ಗಳು, ಅಂದರೆ ಕೋರ್, 4ಜಿಯದ್ದೇ, ಎನ್‌ಎಸ್‌ಎ ಅಂತಾರೆ. ಅಲ್ಲಿ ಈ ಮುಸುಕಿನ ಏರ್ಪಾಟೇ ಇಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಸಿಮ್ ತೆಗೆದು ನನ್ನ ಕಾರ್ಡ್ ರೀಡರ್‌ಗೆ ಹಾಕಿದೆ. ಹತ್ತು ವರ್ಷಕ್ಕೂ ಹಳೆಯ ಸಿಮ್. ಮೂರು ಫೋನ್ ಬದಲಾಗಿದೆ, ಸಿಮ್ ಅದೇ. ದೊಡ್ಡ ಕಾರ್ಡ್ ಇದ್ದದ್ದನ್ನು ಅಂಗಡಿಯವರು ಕಟರ್‌ನಲ್ಲಿ ಎರಡು ಸಲ ಕತ್ತರಿಸಿ ಚಿಕ್ಕದು ಮಾಡಿದ್ದಾರೆ, ಒಂದು ಅಂಚು ಸೊಟ್ಟಗಿದೆ. ಈಗಿನದು ನಾನೇ ಕೊಡಿಸಿದ 5ಜಿ ಫೋನ್.

"ಏನೋ ಮಾಡ್ತಿದೀಯಾ ಅದನ್ನ ತಗೊಂಡು? ಸಂಜೆ ನಿಮ್ಮತ್ತೆ ಫೋನ್ ಮಾಡ್ತಾಳೆ" ಅಂದರು ಅಮ್ಮ.

"ಎರಡೇ ನಿಮಿಷ ಅಮ್ಮ."

ಸಿಮ್‌ನಲ್ಲಿ ತಾನು ಏನೇನು ಮಾಡಬಲ್ಲೆ ಅಂತ ಹೇಳುವ ಒಂದು ಸೇವೆಗಳ ಪಟ್ಟಿ ಇರುತ್ತದೆ. ಹೆಸರಿಗೆ ಮುಸುಕು ಹಾಕುವುದು ಆ ಪಟ್ಟಿಯಲ್ಲಿ 124ನೇ ಸೇವೆ. ಅಮ್ಮನ ಸಿಮ್‌ನ ಪಟ್ಟಿ ಅಷ್ಟು ಉದ್ದವೇ ಇರಲಿಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು. ಶೋರ್ ಲೆಕ್ಕ ಹಾಕಿ ಒಡೆಯುವ ಬೀಗವೇ ಅಲ್ಲಿಲ್ಲ. ಟವರ್ ಕೇಳಿದರೆ ಅಮ್ಮನ ಫೋನ್ ಅವತ್ತಿಗೂ ತನ್ನ 15 ಅಂಕೆಯನ್ನು ಹಾಗೇ ಹೇಳುತ್ತಿತ್ತು.

ಮಾರನೇ ದಿನ ಅಂಗಡಿಗೆ ಕರೆದುಕೊಂಡು ಹೋಗಿ ಹೊಸ ಸಿಮ್ ಹಾಕಿಸಿದೆ. ಮನೆಗೆ ಬಂದು ಅದನ್ನೂ ರೀಡರ್‌ಗೆ ಹಾಕಿ ನೋಡಿದೆ. ಪಟ್ಟಿ ಉದ್ದ ಇತ್ತು, 124 ಆನ್ ಇತ್ತು, ಒಳಗಿನ ಫೈಲ್‌ನಲ್ಲಿ ಆಪರೇಟರ್‌ನ 32 ಬೈಟ್ ಕೀ ಸರಿಯಾಗಿ ಕೂತಿತ್ತು.